ಇಲಾಖಾ ಜಾಲತಾಣಗಳ ನಿರ್ವಹಣೆಯಲ್ಲಿ ಆವೃತ್ತಿ ನಿಯಂತ್ರಣ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಸರ್ಕಾರಿ ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರು ಅರ್ಜಿ ನಮೂನೆ, ಶುಲ್ಕದ ವಿವರ, ಲಗತ್ತಿಸಬೇಕಾದ ದಾಖಲೆಗಳ ಪಟ್ಟಿ ಹಾಗೂ ಕೊನೆಯ ದಿನಾಂಕಗಳನ್ನು ಬಹುತೇಕ ಜಾಲತಾಣಗಳ ಮೂಲಕವೇ ಪಡೆಯುತ್ತಾರೆ. ಸರ್ಕಾರದ ಆದೇಶಗಳಿಗೆ ಅನುಗುಣವಾಗಿ ಈ ವಿವರಗಳು ಕಾಲಕಾಲಕ್ಕೆ ಬದಲಾಗುತ್ತಿರುತ್ತವೆ. ಹೀಗೆ ಬದಲಾದಾಗ ಒಂದು ಪ್ರಶ್ನೆ ಏಳುವುದು ಸಹಜ: ಅರ್ಜಿದಾರರು ನಮೂನೆಯನ್ನು ಪಡೆದ ದಿನದಂದು ಜಾಲತಾಣದಲ್ಲಿ ಇದ್ದುದು ಯಾವುದು?

ಈ ಪ್ರಶ್ನೆಗೆ ದಾಖಲೆಯ ಆಧಾರದ ಮೇಲೆ ಉತ್ತರ ನೀಡಲು ಸಾಧ್ಯವಾಗುವಂತೆ ಜಾಲತಾಣವನ್ನು ನಿರ್ವಹಿಸುವ ಪದ್ಧತಿಯೇ ಆವೃತ್ತಿ ನಿಯಂತ್ರಣ. ಇದು ತಾಂತ್ರಿಕ ಸಿಬ್ಬಂದಿಗೆ ಸಂಬಂಧಿಸಿದ ವಿಷಯವೆಂದು ಕಂಡರೂ ಇದರ ಫಲ ಅಂತಿಮವಾಗಿ ಅರ್ಜಿದಾರರಿಗೆ ತಲುಪುತ್ತದೆ. ಆದುದರಿಂದ ಈ ಪದ್ಧತಿಯ ಸ್ವರೂಪ, ಕಾರ್ಯವಿಧಾನ ಮತ್ತು ಮಿತಿಗಳನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಈ ಪುಟದಲ್ಲಿ ನೀಡಲಾಗಿದೆ.

2. ಆವೃತ್ತಿ ನಿಯಂತ್ರಣ ಎಂದರೇನು?

ಜಮೀನು ಹೊಂದಿರುವ ಪ್ರತಿಯೊಬ್ಬರಿಗೂ ಪಹಣಿ ಪರಿಚಿತ. ಪಹಣಿಯು ಇಂದಿನ ಸ್ಥಿತಿಯನ್ನು ತೋರಿಸುತ್ತದೆ. ಆದರೆ ಆ ಹೆಸರು ಅಲ್ಲಿಗೆ ಹೇಗೆ ಬಂದಿತು, ಯಾವ ಕ್ರಯಪತ್ರ, ವಿಭಾಗ ಅಥವಾ ಪೌತಿಯ ಆಧಾರದ ಮೇಲೆ ಬಂದಿತು, ಯಾರ ಆದೇಶದಿಂದ ಬಂದಿತು ಎಂಬುದನ್ನು ತಿಳಿಯಬೇಕಾದರೆ ಮ್ಯುಟೇಶನ್ ದಾಖಲೆಯನ್ನು ನೋಡಬೇಕು. ಪಹಣಿ ಮಾತ್ರ ಇದ್ದು ಮ್ಯುಟೇಶನ್ ದಾಖಲೆ ಇಲ್ಲದಿದ್ದರೆ ತಕರಾರು ಬಂದಾಗ ತೀರ್ಮಾನ ಮಾಡುವುದು ಕಷ್ಟ.

ಜಾಲತಾಣದ ಪುಟವನ್ನು ಪಹಣಿಗೆ ಹೋಲಿಸಬಹುದು. ಆವೃತ್ತಿ ನಿಯಂತ್ರಣವು ಅದರ ಮ್ಯುಟೇಶನ್ ವಹಿಯಂತೆ. ಜಾಲತಾಣಕ್ಕೆ ಸೇರಿದ ಫೈಲುಗಳಲ್ಲಿ ಯಾವ ಸಾಲು ಬದಲಾಯಿತು, ಯಾರು ಬದಲಾಯಿಸಿದರು, ಯಾವಾಗ ಮತ್ತು ಯಾವ ಕಾರಣಕ್ಕೆ ಬದಲಾಯಿಸಿದರು ಎಂಬ ನಾಲ್ಕು ಅಂಶಗಳು ಪ್ರತಿಯೊಂದು ತಿದ್ದುಪಡಿಗೂ ಪ್ರತ್ಯೇಕ ಸಂಖ್ಯೆಯೊಡನೆ ದಾಖಲಾಗುತ್ತವೆ. ಹಳೆಯ ಆವೃತ್ತಿ ಅಳಿಯುವುದಿಲ್ಲ. ಬೇಕೆಂದಾಗ ಅದನ್ನು ಇದ್ದಂತೆಯೇ ಹೊರತೆಗೆಯಬಹುದು.

3. ಈ ಪದ್ಧತಿ ಇಲ್ಲದಿದ್ದಲ್ಲಿ ಉಂಟಾಗುವ ತೊಂದರೆ

ಆವೃತ್ತಿ ನಿಯಂತ್ರಣ ಇಲ್ಲದ ಕಡೆ ಫೈಲುಗಳಿಗೆ "ನಮೂನೆ ಹೊಸದು", "ನಮೂನೆ ಅಂತಿಮ", "ನಮೂನೆ ಅಂತಿಮ 2" ಎಂದು ಹೆಸರಿಡುವ ರೂಢಿ ಬೆಳೆಯುತ್ತದೆ. ಒಂದೇ ಜಾಲತಾಣದ ಪ್ರತಿಗಳು ಹಲವು ಗಣಕಯಂತ್ರಗಳಲ್ಲಿಯೂ ಪೆನ್‌ಡ್ರೈವ್‌ಗಳಲ್ಲಿಯೂ ಉಳಿಯುತ್ತವೆ.

ಈ ಲೇಖನವನ್ನು ಸಿದ್ಧಪಡಿಸಿದ ಶಾಖಾಧಿಕಾರಿಯು ಹಿಂದೆ ಸೇವೆ ಸಲ್ಲಿಸಿದ ಒಂದು ಕಚೇರಿಯಲ್ಲಿ ನಡೆದ ಪ್ರಸಂಗವನ್ನು ಇಲ್ಲಿ ಉದಾಹರಿಸಬಹುದು. ಅಲ್ಲಿ ಬ್ಯಾಂಕ್ ಖಾತೆಯ ವಿವರಕ್ಕಾಗಿ ಹೊಸ ಅಂಕಣವೊಂದನ್ನು ಸೇರಿಸಿ ಪರಿಷ್ಕೃತ ಅರ್ಜಿ ನಮೂನೆಯನ್ನು ಜಾಲತಾಣದಲ್ಲಿ ಪ್ರಕಟಿಸಲಾಗಿತ್ತು. ಕೆಲವು ದಿನಗಳ ತರುವಾಯ ಮತ್ತೊಬ್ಬ ಸಿಬ್ಬಂದಿ ಪುಟದಲ್ಲಿದ್ದ ಒಂದು ದೂರವಾಣಿ ಸಂಖ್ಯೆಯನ್ನು ಸರಿಪಡಿಸುವ ಸಲುವಾಗಿ ತಮ್ಮ ಬಳಿಯಿದ್ದ ಇಡೀ ಫೋಲ್ಡರನ್ನು ಸರ್ವರಿಗೆ ಏರಿಸಿದರು. ಆ ಫೋಲ್ಡರಿನಲ್ಲಿ ಇದ್ದುದು ಹಳೆಯ ನಮೂನೆ. ದೂರವಾಣಿ ಸಂಖ್ಯೆ ಸರಿಯಾಯಿತು. ಅದರೊಡನೆ ಹಳೆಯ ನಮೂನೆಯೂ ಮರಳಿ ಬಂದಿತು.

ಇದು ಗಮನಕ್ಕೆ ಬರುವಷ್ಟರಲ್ಲಿ ಅನೇಕರು ಹಳೆಯ ನಮೂನೆಯಲ್ಲಿಯೇ ಅರ್ಜಿ ಸಲ್ಲಿಸಿದ್ದರು. ಅರ್ಜಿಗಳನ್ನು ಅಪೂರ್ಣವೆಂದು ಹಿಂದಿರುಗಿಸಲಾಯಿತು. "ಇದನ್ನು ನಿಮ್ಮ ಜಾಲತಾಣದಿಂದಲೇ ತೆಗೆದುಕೊಂಡಿದ್ದು" ಎಂದು ಅರ್ಜಿದಾರರು ಹೇಳಿದರು. "ಹೊಸ ನಮೂನೆಯನ್ನು ಈಗಾಗಲೇ ಪ್ರಕಟಿಸಲಾಗಿದೆ" ಎಂದು ಕಚೇರಿ ಹೇಳಿತು. ಇಬ್ಬರೂ ಹೇಳಿದ್ದು ನಿಜವೇ ಆಗಿತ್ತು. ಆದರೆ ಕಚೇರಿಯ ಬಳಿ ದಾಖಲೆ ಇರಲಿಲ್ಲ. ಅರ್ಜಿದಾರರೊಬ್ಬರು ಇಟ್ಟುಕೊಂಡಿದ್ದ ಮುದ್ರಿತ ಪ್ರತಿಯ ಅಡಿಯಲ್ಲಿ ಪುಟದ ವಿಳಾಸ ಮತ್ತು ದಿನಾಂಕ ತಾನಾಗಿ ಅಚ್ಚಾಗಿದ್ದುದರಿಂದ ವಿಷಯ ಇತ್ಯರ್ಥವಾಗಿ, ಅರ್ಜಿಗಳನ್ನು ಮರಳಿ ಸ್ವೀಕರಿಸಲಾಯಿತು. ಅಷ್ಟರಲ್ಲಿ ಕೆಲವರು ಒಂದು ದಿನದ ಕೂಲಿ ಬಿಟ್ಟು ಎರಡನೆಯ ಬಾರಿ ಬಂದು ಹೋಗಿದ್ದರು.

ಕಚೇರಿಯ ಲೋಪಕ್ಕೆ ಸಾಕ್ಷ್ಯವನ್ನು ಅರ್ಜಿದಾರರು ಒದಗಿಸಬೇಕಾಗಿ ಬರಬಾರದು. ಆ ದಾಖಲೆಯನ್ನು ಇಟ್ಟುಕೊಳ್ಳುವ ಹೊಣೆ ಕಚೇರಿಯದು. ಆವೃತ್ತಿ ನಿಯಂತ್ರಣದ ಮುಖ್ಯ ಪ್ರಯೋಜನವೇ ಇದು.

4. ಪದ್ಧತಿಯು ಬೆಳೆದುಬಂದ ಬಗೆ

ಈ ಪದ್ಧತಿ ಹೊಸದಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಚ್‌ಕೈಂಡ್ ಅವರು 1972ರಲ್ಲಿ ಎಸ್.ಸಿ.ಸಿ.ಎಸ್. ಎಂಬ ತಂತ್ರಾಂಶವನ್ನು ರೂಪಿಸಿದರು. 1980ರ ದಶಕದಲ್ಲಿ ಆರ್.ಸಿ.ಎಸ್. ಹಾಗೂ ಸಿ.ವಿ.ಎಸ್. ಎಂಬ ತಂತ್ರಾಂಶಗಳು ಬಂದವು. 2000ನೇ ಇಸವಿಯಲ್ಲಿ ಆರಂಭವಾದ ಸಬ್‌ವರ್ಷನ್ 2004ರಲ್ಲಿ ತನ್ನ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದಿತು. ಸಿ.ವಿ.ಎಸ್. ಮತ್ತು ಸಬ್‌ವರ್ಷನ್‌ಗಳಲ್ಲಿ ಪೂರ್ಣ ದಾಖಲೆ ಕೇಂದ್ರ ಸರ್ವರಿನಲ್ಲಿ ಮಾತ್ರ ಇರುತ್ತದೆ.

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳನ್ನು ಅಭಿವೃದ್ಧಿಪಡಿಸುತ್ತಿದ್ದವರು ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ಉಚಿತ ಪರವಾನಗಿಯಡಿ ಬಳಸುತ್ತಿದ್ದರು. 2005ರಲ್ಲಿ ಆ ಉಚಿತ ಸೌಲಭ್ಯ ನಿಂತುದರಿಂದ ಲಿನಸ್ ಟೋರ್ವಾಲ್ಡ್ಸ್ ಅವರು ಅದೇ ವರ್ಷದ ಏಪ್ರಿಲ್‌ನಲ್ಲಿ ಗಿಟ್ ಎಂಬ ತಂತ್ರಾಂಶವನ್ನು ರಚಿಸಿದರು. ಕೆಲವೇ ತಿಂಗಳುಗಳಲ್ಲಿ ಅದರ ನಿರ್ವಹಣೆ ಜುನಿಯೊ ಹಮಾನೊ ಅವರಿಗೆ ವಹಿಸಲ್ಪಟ್ಟಿತು. ಗಿಟ್‌ನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರ ಗಣಕಯಂತ್ರದಲ್ಲಿಯೂ ಸಾಮಾನ್ಯವಾಗಿ ಪೂರ್ಣ ಇತಿಹಾಸದ ಪ್ರತಿ ಇರುತ್ತದೆ. ಇದು ಮುಕ್ತ ತಂತ್ರಾಂಶವಾಗಿದ್ದು ಬಳಕೆಗೆ ಶುಲ್ಕವಿಲ್ಲ. ಈ ಪುಟದ ಮುಂದಿನ ವಿವರಗಳು ಗಿಟ್‌ಗೆ ಸಂಬಂಧಿಸಿವೆ.

ಭಾರತ ಸರ್ಕಾರವು 2015ರಲ್ಲಿ ಮುಕ್ತ ತಂತ್ರಾಂಶಗಳ ಅಳವಡಿಕೆಯ ನೀತಿಯನ್ನೂ, ಸರ್ಕಾರಿ ತಂತ್ರಾಂಶಗಳ ಮೂಲ ಸಂಕೇತವನ್ನು ತೆರೆದಿಟ್ಟು ಸಹಭಾಗಿತ್ವದಲ್ಲಿ ಅಭಿವೃದ್ಧಿಪಡಿಸುವ ನೀತಿಯನ್ನೂ ಪ್ರಕಟಿಸಿತು. ಇದಕ್ಕಾಗಿ ಓಪನ್‌ಫೋರ್ಜ್ ಎಂಬ ವೇದಿಕೆಯನ್ನು ರೂಪಿಸಲಾಯಿತು. ಆರೋಗ್ಯ ಸೇತು ಆ್ಯಪ್‌ನ ಆಂಡ್ರಾಯ್ಡ್ ಆವೃತ್ತಿಯ ಮೂಲ ಸಂಕೇತವನ್ನು 2020ರ ಮೇ ತಿಂಗಳಿನಲ್ಲಿ ಗಿಟ್‌ಹಬ್ ತಾಣದಲ್ಲಿ ಸಾರ್ವಜನಿಕರ ಪರಿಶೀಲನೆಗೆ ತೆರೆದಿಡಲಾಯಿತು.

5. ಬಳಕೆಯಲ್ಲಿರುವ ಪದಗಳು

ಭಂಡಾರ: ಜಾಲತಾಣದ ಎಲ್ಲ ಫೈಲುಗಳು ಹಾಗೂ ಅವುಗಳ ಪೂರ್ಣ ಇತಿಹಾಸ ಇರುವ ಸ್ಥಳ. ತಾಂತ್ರಿಕ ಸಿಬ್ಬಂದಿ ಇದನ್ನು ರೆಪಾಸಿಟರಿ ಎನ್ನುತ್ತಾರೆ.

ಕಮಿಟ್: ಒಂದು ತಿದ್ದುಪಡಿಯ ನಮೂದು. ಪ್ರತಿ ಕಮಿಟ್‌ಗೂ ಅದರ ಒಳವಿವರಗಳಿಂದಲೇ ಲೆಕ್ಕ ಹಾಕಿದ, ಸಾಮಾನ್ಯವಾಗಿ 40 ಅಕ್ಷರಾಂಕಿಗಳ ಗುರುತು ಸಂಖ್ಯೆ ಇರುತ್ತದೆ. ಹಿಂದಿನ ನಮೂದಿನ ಸಂಖ್ಯೆಯೂ ಈ ಲೆಕ್ಕದಲ್ಲಿ ಸೇರುವುದರಿಂದ, ಹಳೆಯ ನಮೂದೊಂದನ್ನು ಬದಲಿಸಿದರೆ ಅದರ ನಂತರದ ಎಲ್ಲ ಸಂಖ್ಯೆಗಳೂ ಬದಲಾಗುತ್ತವೆ. ಪುಟಸಂಖ್ಯೆ ಹಾಕಿ ಹೊಲಿದ ವಹಿಯಿಂದ ನಡುವಿನ ಹಾಳೆಯನ್ನು ಕಿತ್ತರೆ ತಿಳಿದುಬರುವಂತೆ ಇದೂ ತಿಳಿದುಬರುತ್ತದೆ.

ಡಿಫ್: ಎರಡು ಆವೃತ್ತಿಗಳ ನಡುವಿನ ವ್ಯತ್ಯಾಸದ ಪಟ್ಟಿ. ತೆಗೆದ ಸಾಲು ಮತ್ತು ಸೇರಿಸಿದ ಸಾಲುಗಳನ್ನು ಇದು ಒಂದರ ಕೆಳಗೊಂದರಂತೆ ತೋರಿಸುತ್ತದೆ.

ಕವಲು: ಮುಖ್ಯ ಪ್ರತಿಗೆ ಧಕ್ಕೆಯಾಗದಂತೆ ಕರಡು ಸಿದ್ಧಪಡಿಸುವ ಪ್ರತ್ಯೇಕ ಮಾರ್ಗ. ಕರಡಿಗೆ ಅನುಮೋದನೆ ದೊರೆತ ನಂತರ ಅದನ್ನು ಮುಖ್ಯ ಕವಲಿನಲ್ಲಿ ವಿಲೀನಗೊಳಿಸಲಾಗುತ್ತದೆ. ಒಂದೇ ಸಾಲನ್ನು ಇಬ್ಬರು ಬೇರೆ ಬೇರೆ ರೀತಿಯಲ್ಲಿ ತಿದ್ದಿದ್ದರೆ ಗಿಟ್ ತಾನಾಗಿ ತೀರ್ಮಾನಿಸದೆ ವಿಲೀನವನ್ನು ತಡೆಹಿಡಿದು ಎರಡನ್ನೂ ತೋರಿಸುತ್ತದೆ. ಯಾವುದನ್ನು ಉಳಿಸಬೇಕೆಂಬುದನ್ನು ಸಿಬ್ಬಂದಿಯೇ ನಿರ್ಧರಿಸಬೇಕು.

ಟ್ಯಾಗ್: ಒಂದು ನಿರ್ದಿಷ್ಟ ಕಮಿಟ್‌ಗೆ ನೀಡುವ ಸುಲಭ ಹೆಸರು. ಪ್ರಕಟಣೆಗೆ ಸಿದ್ಧವಾದ ಆವೃತ್ತಿಯನ್ನು ಗುರುತಿಸಲು ಇದನ್ನು ಬಳಸಲಾಗುತ್ತದೆ.

ನಿಯೋಜನೆ: ಅನುಮೋದಿತ ಆವೃತ್ತಿಯನ್ನು ಸಾರ್ವಜನಿಕರು ನೋಡುವ ಸರ್ವರಿಗೆ ಸ್ಥಾಪಿಸುವ ಕಾರ್ಯ.

6. ಒಂದು ತಿದ್ದುಪಡಿಯು ಜಾಲತಾಣವನ್ನು ತಲುಪುವ ಹಂತಗಳು

ಸೇವಾ ಶುಲ್ಕ ಬದಲಾಗಿದೆ ಎಂದು ಭಾವಿಸೋಣ. ಈ ಪದ್ಧತಿಯಲ್ಲಿ ಅನುಸರಿಸುವ ಕ್ರಮ ಈ ಕೆಳಗಿನಂತಿದೆ.

(ಅ) ಸರ್ಕಾರದ ಆದೇಶ ಬಂದ ನಂತರ ಸಂಬಂಧಪಟ್ಟ ಸಿಬ್ಬಂದಿಯು ಭಂಡಾರದಿಂದ ಇತ್ತೀಚಿನ ಪ್ರತಿಯನ್ನು ಪಡೆದು ಹೊಸ ಕವಲನ್ನು ತೆರೆಯುತ್ತಾರೆ. ಹಳೆಯ ಫೋಲ್ಡರಿನಿಂದ ಕೆಲಸ ಆರಂಭಿಸಿದರೂ ಮುಖ್ಯ ಕವಲಿನಲ್ಲಿ ಅಷ್ಟರಲ್ಲಿ ಆಗಿರುವ ತಿದ್ದುಪಡಿಗಳನ್ನು ಸೇರಿಸಿಕೊಳ್ಳದೆ ಅದನ್ನು ಭಂಡಾರದ ಮುಖ್ಯ ಕವಲಿಗೆ ಕಳುಹಿಸಲು ಗಿಟ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಮೇಲೆ ತಿಳಿಸಿದ ದೂರವಾಣಿ ಸಂಖ್ಯೆಯ ಪ್ರಸಂಗ ಈ ಹಂತದಲ್ಲಿಯೇ ತಡೆಯಲ್ಪಡುತ್ತಿತ್ತು.

(ಆ) ತಿದ್ದುಪಡಿ ಮಾಡಿ ಕಮಿಟ್ ನಮೂದಿಸುವಾಗ ಕಾರಣವನ್ನು ಬರೆಯಲಾಗುತ್ತದೆ. "ಬದಲಾವಣೆ ಮಾಡಲಾಗಿದೆ" ಎಂದಷ್ಟೇ ಬರೆದರೆ ಉಪಯೋಗವಿಲ್ಲ. ಆದೇಶದ ಸಂಖ್ಯೆ, ದಿನಾಂಕ ಹಾಗೂ ಜಾರಿಗೆ ಬರುವ ದಿನವನ್ನು ಬರೆದರೆ ಕಚೇರಿಯ ಕಡತಕ್ಕೂ ಜಾಲತಾಣದ ಸಾಲಿಗೂ ಕೊಂಡಿ ಏರ್ಪಡುತ್ತದೆ.

(ಇ) ಮತ್ತೊಬ್ಬ ಅಧಿಕಾರಿಯು ಡಿಫ್ ಪಟ್ಟಿಯನ್ನು ಆದೇಶದ ಪ್ರತಿಯೊಡನೆ ಹೋಲಿಸಿ ನೋಡುತ್ತಾರೆ. ಇಡೀ ಪುಟವನ್ನು ಓದುವ ಬದಲು ಬದಲಾದ ಸಾಲುಗಳನ್ನು ಮಾತ್ರ ನೋಡುವುದರಿಂದ 50 ರೂಪಾಯಿಯ ಜಾಗದಲ್ಲಿ 500 ರೂಪಾಯಿ ಎಂದಾಗಿದ್ದರೆ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಶುಲ್ಕದ ಜೊತೆಗೆ ಬೇರಾವುದೋ ಸಾಲು ಬದಲಾಗಿದ್ದರೂ ತಿಳಿಯುತ್ತದೆ.

(ಈ) ಮೊದಲು ಪರೀಕ್ಷಾ ಸರ್ವರಿನಲ್ಲಿ ಸ್ಥಾಪಿಸಿ ಅರ್ಜಿ ಸಲ್ಲಿಕೆ, ಶುಲ್ಕ ಪಾವತಿ ಮತ್ತು ಸ್ವೀಕೃತಿ ಮುದ್ರಣ ಸರಿಯಾಗಿವೆಯೇ ಎಂದು ನೋಡಲಾಗುತ್ತದೆ.

(ಉ) ಅನುಮೋದನೆಯ ನಂತರ ಮುಖ್ಯ ಕವಲಿನಲ್ಲಿ ವಿಲೀನಗೊಳಿಸಿ, ಟ್ಯಾಗ್ ಹಾಕಿ, ನಿಯೋಜಿಸಲಾಗುತ್ತದೆ. ಸಣ್ಣ ಜಾಲತಾಣಗಳಲ್ಲಿ ಸರ್ವರಿನಲ್ಲಿಯೇ ಒಂದು ಭಂಡಾರವನ್ನು ಇರಿಸಿ, ಅದಕ್ಕೆ ಹೊಸ ಆವೃತ್ತಿ ತಲುಪಿದ ಕೂಡಲೇ ತಾನಾಗಿ ಚಾಲನೆಗೊಳ್ಳುವ ಪೋಸ್ಟ್-ರಿಸೀವ್ ಹುಕ್ ಎಂಬ ಚಿಕ್ಕ ಆದೇಶ ಫೈಲಿನ ಮೂಲಕ ಫೈಲುಗಳನ್ನು ಸ್ಥಳದಲ್ಲಿ ಕೂರಿಸುವ ವ್ಯವಸ್ಥೆ ಮಾಡಬಹುದು. ಹೀಗೆ ಮಾಡಿದಲ್ಲಿ ಕೈಯಿಂದ ಫೈಲುಗಳನ್ನು ಒಂದೊಂದಾಗಿ ಏರಿಸುವ ಪ್ರಮೇಯ ಬರುವುದಿಲ್ಲ.

(ಊ) ನಿಯೋಜನೆಯ ದಿನಾಂಕ, ವೇಳೆ, ಕಮಿಟ್ ಸಂಖ್ಯೆ ಹಾಗೂ ಸರ್ವರುಗಳ ವಿವರವನ್ನು ನಿಯೋಜನಾ ವಹಿಯಲ್ಲಿ ನಮೂದಿಸಲಾಗುತ್ತದೆ.

ಕೊನೆಯ ಹಂತವನ್ನು ಅನಗತ್ಯವೆಂದು ಭಾವಿಸಬಾರದು. ಕಮಿಟ್‌ನಲ್ಲಿರುವ ದಿನಾಂಕವು ತಿದ್ದುಪಡಿಯನ್ನು ಬರೆದ ದಿನಾಂಕವೇ ಹೊರತು ಸಾರ್ವಜನಿಕರಿಗೆ ಕಾಣಿಸಿದ ದಿನಾಂಕವಲ್ಲ. ಅದೂ ಬರೆದವರ ಗಣಕಯಂತ್ರದ ಗಡಿಯಾರವನ್ನು ಅವಲಂಬಿಸಿರುತ್ತದೆ. ಸೋಮವಾರ ಬರೆದದ್ದು ಗುರುವಾರ ನಿಯೋಜನೆಗೊಂಡಿರಬಹುದು. ನಡುವಿನ ದಿನಗಳಲ್ಲಿ ಅರ್ಜಿ ಸಲ್ಲಿಸಿದವರು ನೋಡಿದ್ದು ಹಳೆಯ ಪುಟವನ್ನೇ. ಆದುದರಿಂದ ಯಾವ ದಿನ ಏನಿತ್ತು ಎಂಬ ಪ್ರಶ್ನೆಗೆ ಗಿಟ್ ಇತಿಹಾಸ ಮತ್ತು ನಿಯೋಜನಾ ವಹಿ ಎರಡೂ ಸೇರಿದಾಗ ಮಾತ್ರ ಪೂರ್ಣ ಉತ್ತರ ದೊರೆಯುತ್ತದೆ.

7. ತಪ್ಪು ಕಂಡುಬಂದಾಗ ಅನುಸರಿಸುವ ಕ್ರಮ

ಲೆಕ್ಕಪುಸ್ತಕ ಬರೆಯುವವರು ತಪ್ಪು ನಮೂದನ್ನು ಅಳಿಸುವುದಿಲ್ಲ. ಅದರ ವಿರುದ್ಧ ತಿದ್ದುಪಡಿ ನಮೂದನ್ನು ಹಾಕುತ್ತಾರೆ. ತಪ್ಪೂ ಕಾಣುತ್ತದೆ, ತಿದ್ದಿದ್ದೂ ಕಾಣುತ್ತದೆ. ಗಿಟ್‌ನಲ್ಲಿ ರಿವರ್ಟ್ ಎಂಬ ಆಜ್ಞೆ ಇದೇ ಕೆಲಸವನ್ನು ಮಾಡುತ್ತದೆ. ತಪ್ಪು ಕಮಿಟ್‌ನ ಪರಿಣಾಮವನ್ನು ರದ್ದುಪಡಿಸುವ ಹೊಸ ಕಮಿಟ್ ಸೇರ್ಪಡೆಯಾಗುತ್ತದೆ. ಇತಿಹಾಸ ಹಾಗೆಯೇ ಉಳಿಯುತ್ತದೆ.

ಇತಿಹಾಸವನ್ನೇ ತಿದ್ದಿ ಬರೆಯುವ ಸೌಲಭ್ಯವೂ ಗಿಟ್‌ನಲ್ಲಿ ಇದೆ. ಅಲ್ಲದೆ ಕಮಿಟ್‌ನಲ್ಲಿ ಕಾಣುವ ಹೆಸರನ್ನು ಬಳಕೆದಾರರೇ ನಮೂದಿಸಿರುತ್ತಾರೆ. ಅದು ತಾನಾಗಿ ಗುರುತಿನ ಪುರಾವೆಯಾಗದು. ಆದುದರಿಂದ ಮುಖ್ಯ ಕವಲಿನ ಇತಿಹಾಸವನ್ನು ಬಲವಂತವಾಗಿ ಬದಲಿಸದಂತೆ ಸರ್ವರಿನಲ್ಲಿ ನಿರ್ಬಂಧ ವಿಧಿಸುವುದು, ಪ್ರತಿ ಸಿಬ್ಬಂದಿಗೂ ಪ್ರತ್ಯೇಕ ಲಾಗಿನ್ ನೀಡುವುದು ಮತ್ತು ಕಮಿಟ್‌ಗಳಿಗೆ ಡಿಜಿಟಲ್ ಸಹಿ ಹಾಕುವುದು ಅವಶ್ಯಕ. ತಂತ್ರಾಂಶ ಇದ್ದ ಮಾತ್ರಕ್ಕೆ ದಾಖಲೆ ವಿಶ್ವಾಸಾರ್ಹವಾಗುವುದಿಲ್ಲ.

8. ನಿಯೋಜನೆಯಲ್ಲಿ ಎಚ್ಚರಿಕೆ: ಒಂದು ಉದಾಹರಣೆ

ಸರಿಯಾದ ಆವೃತ್ತಿಯನ್ನು ಸಿದ್ಧಪಡಿಸಿದರೂ ಅದನ್ನು ಎಲ್ಲ ಸರ್ವರುಗಳಿಗೂ ತಲುಪಿಸದಿದ್ದರೆ ಆಗುವ ಅನಾಹುತಕ್ಕೆ ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರ ಸಂಸ್ಥೆಯ ಪ್ರಕರಣ ನಿದರ್ಶನವಾಗಿದೆ. ಸಂಸ್ಥೆಯು ಎಂಟು ಸರ್ವರುಗಳಲ್ಲಿ ಹೊಸ ತಂತ್ರಾಂಶವನ್ನು ಸ್ಥಾಪಿಸಬೇಕಾಗಿತ್ತು. ತಂತ್ರಜ್ಞರೊಬ್ಬರು ಒಂದು ಸರ್ವರಿಗೆ ಅದನ್ನು ನಕಲಿಸುವುದನ್ನು ಮರೆತರು. ಮತ್ತೊಬ್ಬರು ಪರಿಶೀಲಿಸಲಿಲ್ಲ. 2012ರ ಆಗಸ್ಟ್ 1ರಂದು ಮಾರುಕಟ್ಟೆ ತೆರೆದಾಗ ಎಂಟನೆಯ ಸರ್ವರಿನಲ್ಲಿ ಉಳಿದಿದ್ದ, ವರ್ಷಗಳ ಹಿಂದೆ ಬಳಕೆ ನಿಂತಿದ್ದ ಹಳೆಯ ಭಾಗವು ಚಾಲನೆಗೊಂಡು ಸುಮಾರು 45 ನಿಮಿಷಗಳಲ್ಲಿ 154 ಕಂಪನಿಗಳ ಷೇರುಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವಹಿವಾಟುಗಳನ್ನು ನಡೆಸಿತು.

ದೋಷವನ್ನು ಸರಿಪಡಿಸುವ ಪ್ರಯತ್ನದಲ್ಲಿ ಸರಿಯಾಗಿದ್ದ ಏಳು ಸರ್ವರುಗಳಿಂದ ಹೊಸ ತಂತ್ರಾಂಶವನ್ನು ತೆಗೆದುಹಾಕಿದ್ದರಿಂದ ಪರಿಸ್ಥಿತಿ ಮತ್ತಷ್ಟು ಕೆಟ್ಟಿತು. ಸಂಸ್ಥೆಗೆ 46 ಕೋಟಿ ಡಾಲರ್‌ಗೂ ಹೆಚ್ಚಿನ ನಷ್ಟ ಉಂಟಾಯಿತು. 2013ರ ಅಕ್ಟೋಬರ್‌ನಲ್ಲಿ ಅಲ್ಲಿನ ಷೇರು ನಿಯಂತ್ರಣ ಆಯೋಗ 1.2 ಕೋಟಿ ಡಾಲರ್ ದಂಡ ವಿಧಿಸಿತು.

ಇದರಿಂದ ತಿಳಿಯಬೇಕಾದುದು: ನಿಯೋಜನೆಯ ನಂತರ ಪ್ರತಿಯೊಂದು ಸರ್ವರಿನಲ್ಲಿಯೂ ಇರುವ ಕಮಿಟ್ ಸಂಖ್ಯೆಯನ್ನು ಹೋಲಿಸಿ ನೋಡಬೇಕು, ಬಳಕೆಯಲ್ಲಿಲ್ಲದ ಭಾಗಗಳನ್ನು ತೆಗೆಯಬೇಕು, ಎರಡನೆಯ ವ್ಯಕ್ತಿಯ ಪರಿಶೀಲನೆ ಕಡ್ಡಾಯವಾಗಿರಬೇಕು. ಜಾಲತಾಣವೊಂದು ಎರಡು ಸರ್ವರುಗಳಲ್ಲಿ ಇದ್ದು ಅವುಗಳಲ್ಲಿ ಬೇರೆ ಬೇರೆ ಆವೃತ್ತಿಗಳಿದ್ದರೆ, ಒಂದೇ ಹೊತ್ತಿನಲ್ಲಿ ಇಬ್ಬರು ಅರ್ಜಿದಾರರಿಗೆ ಎರಡು ಬಗೆಯ ಶುಲ್ಕ ಕಾಣುವ ಸಾಧ್ಯತೆ ಇರುತ್ತದೆ.

9. ಭಂಡಾರದಲ್ಲಿ ಇರಿಸಬಾರದ ವಿಷಯಗಳು

ಗುಪ್ತಪದಗಳು: ದತ್ತಾಂಶ ಕೋಶದ ಗುಪ್ತಪದ, ಪಾವತಿ ವ್ಯವಸ್ಥೆಯ ಕೀಲಿ ಮುಂತಾದವುಗಳನ್ನು ಭಂಡಾರಕ್ಕೆ ಸೇರಿಸಬಾರದು. ಒಮ್ಮೆ ಸೇರಿಸಿ ನಂತರ ಅಳಿಸಿದರೂ ಇತಿಹಾಸದಲ್ಲಿ ಉಳಿಯುತ್ತವೆ. ಕಣ್ತಪ್ಪಿನಿಂದ ಸೇರಿದ್ದಲ್ಲಿ ತಕ್ಷಣ ಆ ಗುಪ್ತಪದವನ್ನೇ ಬದಲಾಯಿಸಬೇಕು.

ಅರ್ಜಿದಾರರ ದಾಖಲೆಗಳು: ಸಾರ್ವಜನಿಕರು ಸಲ್ಲಿಸಿದ ಗುರುತಿನ ಚೀಟಿ, ಭಾವಚಿತ್ರ, ಆದಾಯ ಪ್ರಮಾಣಪತ್ರ ಮುಂತಾದವು ಜಾಲತಾಣದ ಫೈಲುಗಳಲ್ಲ. ಅವುಗಳನ್ನು ಪ್ರತ್ಯೇಕ ಸುರಕ್ಷಿತ ಸಂಗ್ರಹದಲ್ಲಿ ಇರಿಸಬೇಕು. ಭಂಡಾರದ ಪ್ರತಿಯನ್ನು ಹಲವರು ಹೊಂದಿರುವುದರಿಂದ ಇದು ಅತ್ಯಂತ ಮುಖ್ಯ.

ಭಂಡಾರದ ಅಡಗಿದ ಫೋಲ್ಡರ್: ಗಿಟ್ ತನ್ನ ಇತಿಹಾಸವನ್ನು ಒಂದು ಅಡಗಿದ ಫೋಲ್ಡರಿನಲ್ಲಿ ಇರಿಸುತ್ತದೆ. ಸಾರ್ವಜನಿಕರು ತೆರೆಯಬಹುದಾದ ಸ್ಥಳದಲ್ಲಿ ಅದನ್ನು ಬಿಟ್ಟರೆ ಜಾಲತಾಣದ ಮೂಲ ಸಂಕೇತವನ್ನು ಹೊರಗಿನವರು ಪಡೆಯಬಹುದು.

ಆವೃತ್ತಿ ನಿಯಂತ್ರಣವು ದತ್ತಾಂಶದ ಬ್ಯಾಕಪ್‌ಗೆ ಪರ್ಯಾಯವಲ್ಲ ಎಂಬುದನ್ನೂ ಗಮನಿಸಬೇಕು. ಗಿಟ್ ಭಂಡಾರಗಳ ಸೇವೆಯನ್ನೇ ನೀಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ದತ್ತಾಂಶ ಕೋಶವನ್ನು ತಪ್ಪು ಸರ್ವರಿನಲ್ಲಿ ಅಳಿಸಲಾಯಿತು. ನಿಗದಿತ ಬ್ಯಾಕಪ್‌ಗಳು ಕೆಲಸಕ್ಕೆ ಬರಲಿಲ್ಲ. ಸುಮಾರು ಆರು ಗಂಟೆಗಳ ಹಿಂದೆ ಬೇರೊಂದು ಕಾರಣಕ್ಕಾಗಿ ತೆಗೆದಿಟ್ಟಿದ್ದ ಪ್ರತಿಯೊಂದು ಇದ್ದುದರಿಂದ ಉಳಿದ ದತ್ತಾಂಶ ದೊರೆಯಿತು. ಆ ಆರು ಗಂಟೆಗಳದ್ದು ಕಳೆದುಹೋಯಿತು. ಗಿಟ್ ಭಂಡಾರಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಬ್ಯಾಕಪ್ ತೆಗೆದರೆ ಸಾಲದು, ಅದರಿಂದ ದತ್ತಾಂಶವನ್ನು ಮರಳಿ ಪಡೆಯಲು ಆಗುತ್ತದೆಯೇ ಎಂದು ಆಗಾಗ್ಗೆ ಪರೀಕ್ಷಿಸಬೇಕು.

10. ಕನ್ನಡ ಪಠ್ಯಕ್ಕೆ ಸಂಬಂಧಿಸಿದ ಅಂಶಗಳು

ಗಿಟ್ ಸಾಲು ಸಾಲಾಗಿ ಹೋಲಿಸುತ್ತದೆ. ಆದುದರಿಂದ ನಿಯಮಗಳನ್ನು ಒಂದೇ ದೀರ್ಘ ಪರಿಚ್ಛೇದವಾಗಿ ಬರೆಯದೆ ಪ್ರತಿ ನಿಯಮವನ್ನೂ ಪ್ರತ್ಯೇಕ ಸಾಲಿನಲ್ಲಿ ಇರಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಪಠ್ಯವು ಡಿಫ್ ಪಟ್ಟಿಯಲ್ಲಿ ರೋಮನ್ ಅಕ್ಷರಗಳ ಗೋಜಲಾಗಿ ಕಾಣುವುದರಿಂದ ಪರಿಶೀಲಿಸಲು ಬರುವುದಿಲ್ಲ. ಯುನಿಕೋಡ್‌ನಲ್ಲಿದ್ದರೆ ಕನ್ನಡವಾಗಿಯೇ ಓದಬಹುದು. ಯುನಿಕೋಡ್‌ನಲ್ಲಿಯೂ 'ಕೊ' ಎಂಬಲ್ಲಿನ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಅಥವಾ ಎರಡು ಸಂಕೇತಗಳ ಜೋಡಣೆಯಾಗಿ ಬರೆಯಬಹುದು. ಕಣ್ಣಿಗೆ ಒಂದೇ ಆಗಿ ಕಂಡರೂ ಗಿಟ್ ಅವನ್ನು ಬೇರೆ ಎಂದು ತೋರಿಸುತ್ತದೆ. ಪಿ.ಡಿ.ಎಫ್. ನಮೂನೆಗಳ ಹಳೆಯ ಪ್ರತಿಗಳು ಸುರಕ್ಷಿತವಾಗಿ ಉಳಿಯುತ್ತವೆಯಾದರೂ ಅವುಗಳೊಳಗಿನ ಸಾಲುವಾರು ವ್ಯತ್ಯಾಸ ಸಾಮಾನ್ಯವಾಗಿ ಕಾಣುವುದಿಲ್ಲ. ಆದುದರಿಂದ ನಮೂನೆಯ ಪಠ್ಯರೂಪವನ್ನೂ ಜೊತೆಯಲ್ಲಿ ಇರಿಸುವುದು ಉಚಿತ.

11. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(1) ನಮೂನೆಯನ್ನು ಪಡೆದ ದಿನವೇ ಭರ್ತಿ ಮಾಡದಿದ್ದಲ್ಲಿ, ಸಲ್ಲಿಸುವ ಮುನ್ನ ಜಾಲತಾಣವನ್ನು ಮತ್ತೊಮ್ಮೆ ನೋಡುವುದು.

(2) ಪುಟದ ಕೊನೆಯಲ್ಲಿ "ಕೊನೆಯದಾಗಿ ಪರಿಷ್ಕರಿಸಿದ ದಿನಾಂಕ" ಇದ್ದಲ್ಲಿ ಅದನ್ನು ಬರೆದಿಟ್ಟುಕೊಳ್ಳುವುದು.

(3) ಪುಟವನ್ನು ಮುದ್ರಿಸುವಾಗ ಪುಟದ ವಿಳಾಸ ಮತ್ತು ದಿನಾಂಕ ಅಚ್ಚಾಗುವ ಆಯ್ಕೆಯನ್ನು ಉಳಿಸಿಕೊಳ್ಳುವುದು.

(4) ಸ್ವೀಕೃತಿ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. ಸಕಾಲ ವ್ಯಾಪ್ತಿಯ ಸೇವೆಗಳಿಗೆ ಅದರಲ್ಲಿ ಜಿ.ಎಸ್.ಸಿ. ಸಂಖ್ಯೆ ಇರುತ್ತದೆ.

(5) ನಮೂನೆ ಹಳೆಯದು ಎಂಬ ಕಾರಣಕ್ಕೆ ಅರ್ಜಿ ಹಿಂದಿರುಗಿದಲ್ಲಿ, ನಮೂನೆಯನ್ನು ಪಡೆದ ದಿನಾಂಕವನ್ನು ತಿಳಿಸಿ, ಆ ದಿನ ಜಾಲತಾಣದಲ್ಲಿ ಯಾವ ಆವೃತ್ತಿ ಇತ್ತೆಂದು ಲಿಖಿತವಾಗಿ ಕೇಳುವುದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಳೆಯ ಆವೃತ್ತಿಯ ವಿವರವನ್ನು ಮಾಹಿತಿ ಹಕ್ಕಿನಡಿ ಕೇಳಬಹುದೇ?
ಉತ್ತರ: ಕೇಳಬಹುದು. ಮಾಹಿತಿ ಹಕ್ಕು ಅಧಿನಿಯಮ, 2005ರ 2(ಎಫ್) ಪ್ರಕರಣದ ಪ್ರಕಾರ ವಿದ್ಯುನ್ಮಾನ ರೂಪದಲ್ಲಿರುವ ದತ್ತಾಂಶವೂ ಮಾಹಿತಿಯೇ ಆಗಿದೆ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಭದ್ರತೆಗೆ ಸಂಬಂಧಿಸಿದ ಭಾಗಗಳಿಗೆ ಅಧಿನಿಯಮದಲ್ಲಿನ ವಿನಾಯಿತಿಗಳು ಅನ್ವಯಿಸಬಹುದು.

ಪ್ರಶ್ನೆ: ನಾನು ಸಲ್ಲಿಸಿದ ಅರ್ಜಿಯ ವಿವರ ಗಿಟ್ ಇತಿಹಾಸದಲ್ಲಿ ಇರುತ್ತದೆಯೇ?
ಉತ್ತರ: ಇರಬಾರದು. ಅರ್ಜಿಗಳ ವಿವರ ದತ್ತಾಂಶ ಕೋಶದಲ್ಲಿ ಇರುತ್ತದೆ. ಗಿಟ್ ಭಂಡಾರದಲ್ಲಿ ಇರುವುದು ಜಾಲತಾಣದ ಪುಟಗಳು, ನಮೂನೆಗಳು ಮತ್ತು ತಂತ್ರಾಂಶದ ಸಂಕೇತ ಮಾತ್ರ.

ಪ್ರಶ್ನೆ: ಜಾಲತಾಣದಲ್ಲಿ ತಪ್ಪು ಕಂಡುಬಂದರೆ ಏನು ಮಾಡಬೇಕು?
ಉತ್ತರ: ಪುಟದ ಹೆಸರು, ನೋಡಿದ ದಿನಾಂಕ ಮತ್ತು ವೇಳೆಯನ್ನು ತಿಳಿಸಿ ಸಂಬಂಧಪಟ್ಟ ಕಚೇರಿಗೆ ಬರೆಯಬಹುದು. ದಿನಾಂಕ ಮತ್ತು ವೇಳೆ ಇದ್ದಲ್ಲಿ ನಿಯೋಜನಾ ವಹಿಯೊಡನೆ ಹೋಲಿಸಿ ತಪ್ಪಿನ ಮೂಲವನ್ನು ಬೇಗ ಪತ್ತೆ ಹಚ್ಚಬಹುದು.

ಸೂಚನೆ: ಈ ಪುಟದಲ್ಲಿರುವ ವಿವರಗಳನ್ನು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ನೀಡಲಾಗಿದೆ. ಇಲ್ಲಿನ ವಿವರಕ್ಕೂ ಸರ್ಕಾರದ ಅಧಿಸೂಚನೆ ಅಥವಾ ಆದೇಶಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ಅಧಿಸೂಚನೆ ಅಥವಾ ಆದೇಶವೇ ಅಂತಿಮ. ಅಂತಹ ವ್ಯತ್ಯಾಸವನ್ನು ಗಮನಕ್ಕೆ ತಂದಲ್ಲಿ ಸರಿಪಡಿಸಿ, ಸರಿಪಡಿಸಿದ ದಿನಾಂಕವನ್ನು ಈ ಪುಟದಲ್ಲಿಯೇ ನಮೂದಿಸಲಾಗುವುದು.